ಸಣ್ಣಬಸಪ್ಪನ ನೋ ಡ್ಯೂ

ಬಾಕಿ ಎಂಬ ಮಾತು ಕಿವಿಗೆ ಬಿದ್ದರೆ ಸಣ್ಣಬಸಪ್ಪ ಚಪ್ಪಲಿಯೊಳಗೆ ಜಾಲಿಮುಳ್ಳು ಹೊಕ್ಕವನಂತೆ ಕುಣಿಯುತ್ತಿದ್ದ. ಕಿತ್ತು ಎಸೆಯುವ ತನಕ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅವನ ಎಲ್ಲ ತೊಂದರೆಗೂ ಮೂಲ ಇಷ್ಟೆ. ಬೇರೆ ಯಾರ ಮೇಲೂ ತಪ್ಪು ಹೊರಿಸುವ ಅಗತ್ಯವಿಲ್ಲ.

ರಾಯದುರ್ಗದಲ್ಲಿ ಹನ್ನೊಂದು ವರ್ಷದಿಂದ ಅವನು ಜೀನ್ಸ್ ಪ್ಯಾಂಟು ಹೊಲಿಸುತ್ತಿದ್ದ. ಎಂಟು ಮಿಷಿನ್ನು, ಎಂಟು ಜನ ಹೊಲಿಯುವವರು, ಒಂದು ತಗಡಿನ ಶೆಡ್ಡು. ಮಿಷಿನ್ನು ಅವನವು. ಶೆಡ್ಡು ಅನ್ನದಾನಮ್ಮನದು. ಆ ಮುದುಕಿ ಈಗ ಶೆಡ್ಡು ಮಾರಲು ಹೊರಟಿದ್ದಳು.

"ನೀನು ಹಳಬ, ಅದಕ್ಕ ಮೊದಲು ನಿನಗ ಕೇಳೀನಿ," ಅಂದಿದ್ದಳು. "ಶುಕ್ರವಾರ ದೀಪ ಹಚ್ಚೋದ್ರೊಳಗ ಬ್ಯಾಂಕಿನ ಮಂಜೂರಿ ಕಾಗದ ತಂದ್ರ ನಿನಗ. ಇಲ್ಲಾಂದ್ರ ಜಂಬಯ್ಯಗ. ಆಮ್ಯಾಲ ಮುಖ ಸಣ್ಣ ಮಾಡಬ್ಯಾಡ."

ಜಂಬಯ್ಯ ಪಕ್ಕದ ಗುಂಡಿ-ಜಿಪ್ಪಿನ ಅಂಗಡಿಯವನು. ಶೆಡ್ಡು ಅವನ ಪಾಲಾದರೆ ಎಂಟು ಮಿಷಿನ್ನೂ ಬೀದಿಗೆ ಬರುವುದೋ, ಬಾಡಿಗೆ ಏರುವುದೋ, ದೇವರೇ ಬಲ್ಲ.

ಮೂರು ವಾರದ ಹಿಂದೆ ಸಣ್ಣಬಸಪ್ಪ ಬ್ಯಾಂಕಿಗೆ ಹೋಗಿದ್ದ. ಅಲ್ಲಿನ ಸಾಲದ ಅಧಿಕಾರಿ ಅರ್ಚನಾ ಮಡಕಶಿರದ ಕಡೆಯ ಹೆಣ್ಣುಮಗಳು. ಕಂಪ್ಯೂಟರಿನಲ್ಲಿ ಅವನ ಸ್ಕೋರು, ಅಂದರೆ ಸಾಲಕ್ಕೆ ಎಷ್ಟು ನಂಬಬಹುದೆಂಬ ಅಂಕ, ನೋಡಿ, "ಏಳ್ನೂರ ಅರವತ್ತೊಂದು ಐತೆ ಬಸಪ್ಪಣ್ಣ. ನಮ್ಮಲ್ಲಿ ಏಳ್ನೂರೈವತ್ತು ಇದ್ರೆ ಸಾಕು. ಕಾಗದ ಪತ್ರ ಎಲ್ಲಾ ತಂದ್ಬಿಡಿ. ಮಂಜೂರು ಮಾಡೋ ದಿನ ಇನ್ನೊಂದ್ಸಲ ಸ್ಕೋರು ನೋಡ್ತೀವಿ, ಅಷ್ಟೆಯ," ಅಂದಿದ್ದಳು.

ಕಾಗದ ಪತ್ರ ಎಲ್ಲಾ ಅಂದರೆ ಏನೇನು ಅಂತ ಸಣ್ಣಬಸಪ್ಪ ಕೇಳಲಿಲ್ಲ. ಕೇಳುವುದು ಏನಿದೆ, ಅವನಿಗೆ ಗೊತ್ತೇ ಇತ್ತು. ಅವನ ಅಪ್ಪ ಶೇಂಗಾ ಬೆಳೆಸಾಲಕ್ಕೆ ಹೋಗುವಾಗ ಒಂದು ಫಾರಂ ಹಿಡಿದು ಸುತ್ತಲಿನ ಏಳು ಬ್ಯಾಂಕುಗಳ ಬಾಗಿಲು ಹತ್ತಿಳಿಯುತ್ತಿದ್ದ. 'ಈ ಮನುಷ್ಯನ ಬಾಕಿ ನಮ್ಮಲ್ಲಿಲ್ಲ' ಎಂದು ಏಳೂ ಕಡೆ ಮೊಹರು ಬಿದ್ದ ಮೇಲೆಯೇ ಎಂಟನೆಯವರು ಸಾಲ ಕೊಡುತ್ತಿದ್ದರು. ಅದಕ್ಕೆ ನೋ ಡ್ಯೂ ಅಂತ ಹೆಸರು. ಹೊಸ ಸಾಲ ಬೇಕಾದವನು ಹಳೆಯ ಬಾಗಿಲುಗಳನ್ನೆಲ್ಲ ಮುಚ್ಚಿ ಬರಬೇಕು. ಅಪ್ಪನಿಂದ ಮಗ ಕಲಿತ ಬ್ಯಾಂಕಿನ ವಿದ್ಯೆ ಇಷ್ಟು.

ಸಣ್ಣಬಸಪ್ಪನ ಬಳಿ ನಾಲ್ಕು ಕ್ರೆಡಿಟ್ ಕಾರ್ಡುಗಳಿದ್ದವು. ಒಂದನ್ನು ಮಾತ್ರ ಬಳಸುತ್ತಿದ್ದ. ಪ್ರತಿ ತಿಂಗಳು ಬಳ್ಳಾರಿಯ ಬಟ್ಟೆ ವ್ಯಾಪಾರಿಯ ಹತ್ತಿರ ಎಂಬತ್ತು ಸಾವಿರಕ್ಕೆ ಉಜ್ಜುವುದು, ಗಡುವಿನ ದಿನ ಪೈಸೆ ಬಿಡದೆ ಕಟ್ಟುವುದು. ಉಳಿದ ಮೂರೂ ಬ್ಯಾಂಕುಗಳ ಟೈ ಕಟ್ಟಿದ ಹುಡುಗರು ಬಲವಂತಕ್ಕೆ ಕೊಟ್ಟುಹೋದವು. ಒಂದು ರೂಪಾಯಿಯ ಖರ್ಚೂ ಕಾಣದೆ ಟ್ರಂಕಿನಲ್ಲಿ ಮಲಗಿದ್ದವು. ಒಂದಕ್ಕಂತೂ ಶೆಡ್ಡಿನಷ್ಟೇ ವಯಸ್ಸು.

ಮೂರೂ ಕಡೆಗೆ ಫೋನು ಮಾಡಿ ಮುಚ್ಚಿಸಿದ.

"ಸಾರ್, ಇದಕ್ಕೆ ವರ್ಷದ ಫೀಸೇ ಇಲ್ಲ. ಇಟ್ಕೊಂಡಿದ್ರೆ ನಿಮಗೇನು ನಷ್ಟ?" ಅಂತ ಒಬ್ಬ ಹುಡುಗಿ ಕೇಳಿದಳು.

"ನನ್ನ ಹೆಸರು ನಿಮ್ಮ ಪುಸ್ತಕದಾಗ ಯಾಕ ಇರಬೇಕು? ತೆಗಿ ಅಂದ್ರ ತೆಗಿಯಮ್ಮ!"

ಮೂರು ನೋ ಡ್ಯೂ ಕಾಗದಗಳು ಬಂದವು. ಜಂಬಯ್ಯನ ಅಂಗಡಿಯ ಮುಂದೆ ನಿಂತು, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಮೂರು ಕಾರ್ಡುಗಳನ್ನೂ ಕಚಕ್ ಕಚಕ್ ಎಂದು ತುಂಡು ಮಾಡಿದ.

"ನೀನೂ ಕತ್ತರಸು ಜಂಬಯ್ಯ. ಋಣ ಹರಕೊಂಡ್ರ ಜೀವಕ್ಕ ಹಗುರ."

ಜಂಬಯ್ಯನ ಅಡಿಕೆ ಚೀಲದಲ್ಲೂ ನಾಲ್ಕು ಕಾರ್ಡುಗಳಿದ್ದವು. "ಕತ್ತರಿಸಿದ್ರಾತು ಬಿಡಪಾ. ಎಲ್ಲಿ ಓಡಿಹೋಗ್ತಾವ," ಅಂದು ಅಡಿಕೆ ಬಾಯಿಗೆ ಹಾಕಿಕೊಂಡ. ಅಂಗಡಿಯ ಸುಟ್ಟ ಬಲ್ಬನ್ನು ಎರಡು ವರ್ಷದಿಂದ ಬದಲಿಸದ ಮನುಷ್ಯ ಅವನು.

ಶುಕ್ರವಾರ ಬಂತು. ರಾಹುಕಾಲಕ್ಕೆ ಮೊದಲೇ ಸಣ್ಣಬಸಪ್ಪ ಬಾಡಿಗೆ ಕರಾರಿನ ಪತ್ರ ಹಿಡಿದು ಅನ್ನದಾನಮ್ಮನ ಮನೆಗೆ ನಡೆದ. ಹನ್ನೊಂದು ವರ್ಷದ ಹಳೆಯ ಛಾಪಾ ಕಾಗದ. ಹಿಂಬದಿಯಲ್ಲಿ ಪ್ರತಿ ಯುಗಾದಿಗೆ, 'ವರ್ಷದ ಬಾಡಿಗೆ ಪೂರ್ತಿ ಮುಟ್ಟಿತು' ಎಂದು ಅವಳು ಹಾಕಿದ ಸಹಿ, ತಾರೀಖು. ಹನ್ನೊಂದು ಸಹಿಗಳು ಕಾಗದದ ನಟ್ಟನಡುವೆ ಮೇಲಿಂದ ಕೆಳಗೆ ಇರುವೆ ಸಾಲಿನಂತೆ ಇಳಿದಿದ್ದವು.

"ಯಾಕ್ರಿ ಅದನ್ನ ತಗೊಂಡು ಹೊಂಟೀರಿ?" ಅಂತ ಹೆಂಡತಿ ಉಷಾರಾಣಿ ಕೇಳಿದಳು.

"ಹರಿಯಾಕ."

"ಸಾಲ ಕೈಗೆ ಬಂದ ಮ್ಯಾಲ ಹರದ್ರ ಆಗೂದಿಲ್ಲೇನು?"

"ಕೊಳ್ಳಾವ ಬ್ಯಾರೆ, ಬಾಡಿಗಿ ಇರಾವ ಬ್ಯಾರೆ. ಹಳೇದು ಹರಿದ ಮ್ಯಾಲ ಹೊಸದು. ನಿನಗೇನು ಗೊತ್ತಾಗ್ತೈತಿ?"

ಅನ್ನದಾನಮ್ಮನ ಮುಂದೆ ಎಲೆ ಅಡಿಕೆ ಇಟ್ಟು, ಸಾಲ ತೀರಿದ ಪ್ರೋನೋಟು ಹರಿಯುವ ಹಾಗೆ ಕರಾರನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹರಿದ. "ಇವತ್ತಿಂದ ನಾನು ನಿಮ್ಮ ಬಾಡಿಗಿದಾರ ಅಲ್ರಿ ಅವ್ವಾ. ನನ್ನ ಅಡ್ವಾನ್ಸು ಐವತ್ತು ಸಾವಿರ ಕೊಟ್ಟುಬಿಡ್ರಿ. ನಿಮಗೂ ನನಗೂ ಲೆಕ್ಕ ಚುಕ್ತಾ."

ಮುದುಕಿ ಒಳಗೆ ಹೋಗಿ ದುಡ್ಡು ತಂದು ಕೊಟ್ಟಳು. "ಆ ಚೂರು ನನ್ನ ಅಂಗಳದಾಗ ಬಿಸಾಡಬ್ಯಾಡ," ಎಂದಷ್ಟೇ ಹೇಳಿದಳು. ಅವನು ಚೂರುಗಳನ್ನು ತಂದು ಶೆಡ್ಡಿನ ಚಿಂದಿ ಚೀಲಕ್ಕೆ ಹಾಕಿ, ಬ್ಯಾಂಕಿಗೆ ಹೊರಟ.

ಮೂರು ನೋ ಡ್ಯೂ ಕಾಗದಗಳನ್ನು ಅರ್ಚನಾಳ ಮೇಜಿನ ಮೇಲೆ, ಮದುವೆಯಲ್ಲಿ ಸೀರೆ ಹರಡಿದ ಹಾಗೆ ಹರಡಿದ. ಅವಳು ಕಾಗದ ನೋಡಿದಳು, ಕಂಪ್ಯೂಟರ್ ನೋಡಿದಳು, ಕೊನೆಗೆ ಅವನ ಮುಖ ನೋಡಿದಳು.

"ಯಾಕ್ ಹಿಂಗ್ ಮಾಡ್ಕಂಡ್ರಿ ಬಸಪ್ಪಣ್ಣ? ಏಳ್ನೂರ ಹದಿನಾರಕ್ಕೆ ಇಳಿದೈತೆ."

"ಸಾಲ ಮಾಡಿಲ್ಲ. ಕಂತು ತಪ್ಪಿಸಿಲ್ಲ. ಇದ್ದ ಬಾಗಿಲಾ ಮುಚ್ಚೀನಿ. ಯಾಕ ಇಳೀತೈತಿ?" ಅವನ ದನಿಗೆ ಸರತಿಯಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

"ನಿಮ್ ಕಸುಬಲ್ಲೇ ಹೇಳ್ತೀನಿ, ಕೂತ್ಕಳಿ. ನಾಕು ಕಾರ್ಡಿಗೆ ಒಂದೊಂದು ಲಕ್ಷ, ಒಟ್ಟು ನಾಕು ಲಕ್ಷದ ಮಿತಿ ಇತ್ತು. ಅದರಾಗೆ ನೀವು ಬಳಸ್ತಿದ್ದದ್ದು ಎಂಬತ್ತು ಸಾವಿರ. ದೊಡ್ಡ ಸೊಂಟದ ಪ್ಯಾಂಟು, ಒಳಗೆ ಸಣ್ಣ ಹೊಟ್ಟೆ. ಆರಾಮಾಗಿತ್ತು. ಈಗ ಮೂರು ಲಕ್ಷದ ಬಟ್ಟೆ ಕತ್ತರಿಸಿ ಎಸೆದ್ರಿ. ಉಳಿದಿದ್ದು ಒಂದು ಲಕ್ಷ, ಅದರಾಗೇ ಎಂಬತ್ತು. ಹೊಟ್ಟೆ ಅಷ್ಟೇ ಐತೆ, ಪ್ಯಾಂಟು ಕಿರಿದಾತು. ಗುಂಡಿ ಕಿತ್ಕಂಡು ಬಂದು ನನ್ ಕಣ್ಣಿಗೆ ಹೊಡೆಯೋ ಹಂಗೈತೆ."

ಸಣ್ಣಬಸಪ್ಪ ತನಗೇ ಅರಿವಿಲ್ಲದೆ ಬೆಲ್ಟು ಸಡಿಲಿಸಿದ.

"ಅಂದ್ರ ಸಾಲ ಬ್ಯಾಡ ಅಂದಾವ ಕಳ್ಳ, ನಾಕು ಕಡೆ ಕೈ ಚಾಚಿ ಕುಂತಾವ ಸಾಚಾ?"

"ಕೈ ಚಾಚಿದವನಲ್ಲ ಅಣ್ಣ. ಸಾಲ ಕೈಗೆ ಸಿಗೋ ಹಂಗಿದ್ರೂ ಮುಟ್ಟದೆ ಇದ್ದಾನಲ್ಲ, ಅವನನ್ನ ನಂಬ್ತಾರೆ. ಹತ್ತು ವರ್ಷ ಮುಟ್ಟದೆ ಇದ್ರಿ. ಅದೇ ನಿಮ್ ಒಳ್ಳೇತನ. ಹಳೇ ಕಾರ್ಡಿನ ಲೆಕ್ಕ ಇವತ್ತೇ ಅಳಿಸಿ ಹೋಗಲ್ಲ, ಆದ್ರೆ ಇನ್ಮೇಲೆ ಬೆಳೆಯಲ್ಲ. ಈಗ ಬಾಕಿ ಕಡಿಮೆ ಮಾಡ್ಕಂಡು ಒಂದೆರಡು ತಿಂಗ್ಳು ಕಾಯಿರಿ, ಸರಿಹೋಗ್ತದೆ. ಹೊಸದಾಗಿ ಮಾತ್ರ ಯಾರ ಹತ್ರನೂ…"

"ಎರಡು ತಿಂಗಳಾ? ಇವತ್ತು ಸಂಜೀಗೆ ಬೇಕು ನನಗ!" ಎಂದವನೇ ಸಣ್ಣಬಸಪ್ಪ ಎದ್ದು ಹೊರಗೆ ನಡೆದ. ಪೂರ್ತಿ ಕೇಳಿಸಿಕೊಳ್ಳುವ ಚಟ ಅವನಿಗೆ ಹುಟ್ಟಿನಿಂದಲೂ ಇಲ್ಲ.

ಬ್ಯಾಂಕಿನ ಎದುರಿಗೇ ಹನುಮೇಶನ ನೆಟ್ ಸೆಂಟರು. ಆಧಾರ್, ಪಹಣಿ, ಪರೀಕ್ಷೆಯ ಅರ್ಜಿ, ಜಾತಕ, ಎಲ್ಲಕ್ಕೂ ಅವನಲ್ಲಿ ಪರಿಹಾರವಿತ್ತು.

"ಮುಚ್ಚಿದ್ದಕ್ಕ ಸ್ಕೋರು ಬಿತ್ತು ಅಂದ್ರ, ತೆಗೆದ್ರ ಏಳಬೇಕಲ್ರಿ ಮಾಮಾ? ಸೀದಾ ಲೆಕ್ಕ," ಅಂದ ಹನುಮೇಶ್. "ಮೂರು ಹೋಗ್ಯಾವ, ಐದು ತರಸೂಣು. ಫೋನು ಕೊಡ್ರಿ ಇಲ್ಲಿ."

ಐದು ಕಂಪನಿಗಳಿಗೆ ಐದು ಅರ್ಜಿ ಹೋದವು. ಸಣ್ಣಬಸಪ್ಪನ ಫೋನಿಗೆ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಓಟಿಪಿಗಳು ಬಂದವು. ಮಧ್ಯಾಹ್ನ ಮೂರರ ಹೊತ್ತಿಗೆ ಅವನು ಗೆದ್ದ ಟಗರಿನಂತೆ ಮತ್ತೆ ಬ್ಯಾಂಕಿನೊಳಗೆ ಬಂದ. ಅರ್ಚನಾ ಮತ್ತೊಮ್ಮೆ ನೋಡಿದಳು.

"ಏಳ್ನೂರ ಎರಡು. ಅದನ್ನೇ ಅಲ್ವಾ ನಾನು ಹೇಳೋಕ್ ಬಂದಿದ್ದು? ಒಂದೇ ಮಧ್ಯಾಹ್ನ ಐದು ಮನೆ ಬಾಗಿಲು ಬಡಿದು ಸಾಲ ಕೇಳಿದ್ರೆ, ಇವನ ಮನೇಗೇನು ಬೆಂಕಿ ಬಿದ್ದೈತಾ ಅನ್ಕಳಲ್ವಾ?"

ಪಕ್ಕದ ಕುರ್ಚಿಯಲ್ಲಿ ಯಾರೋ ಅಡಿಕೆ ಅಗಿಯುತ್ತ ಸಾಲದ ಕಾಗದಕ್ಕೆ ಸಹಿ ಹಾಕುತ್ತಿದ್ದರು. ತಿರುಗಿ ನೋಡಿದರೆ ಜಂಬಯ್ಯ.

"ನಿಂದು ಎಷ್ಟು ಬಂತೋ?"

"ಏಳ್ನೂರ ಎಂಬತ್ನಾಕು ಅಂತಪಾ."

"ಏನು ಮಾಡಿದಿ?"

"ನಾನೇನೂ ಮಾಡಿಲ್ಲ," ಅಂದ ಜಂಬಯ್ಯ. ಸುಳ್ಳಲ್ಲ. ಕತ್ತರಿಸಲು ಬೇಜಾರಾಗಿ ಬಿಟ್ಟ ನಾಲ್ಕು ಕಾರ್ಡುಗಳು ಅಡಿಕೆಯ ಘಮದಲ್ಲಿ ಹಾಗೇ ಇದ್ದವು.

ಆ ಮಾತು ಸಣ್ಣಬಸಪ್ಪನ ತಲೆಯಲ್ಲಿ ದಾರಿಯುದ್ದಕ್ಕೂ ಗಿರಗಿಟ್ಟಲೆ ಆಡಿತು. ಒಬ್ಬ ಪಟ್ಟುಹಿಡಿದು ಶುದ್ಧನಾದ, ಇನ್ನೊಬ್ಬ ಸುಮ್ಮನೆ ಕೂತ. ಕೂತವನೇ ಗೆದ್ದ. ಬೈಯೋಣವೆಂದರೆ ಯಾರನ್ನು ಬೈಯುವುದು? ಜೀವನದಲ್ಲಿ ಮೊದಲ ಸಲ ಅವನಿಗೆ ಬೈಗುಳಕ್ಕೆ ಆಳು ಸಿಗಲಿಲ್ಲ.

ಐದು ಗಂಟೆಗೆ ಅನ್ನದಾನಮ್ಮನ ಕಟ್ಟೆಯ ಮೇಲೆ ಬಂದು ಕುಸಿದ. ನಡೆದದ್ದನ್ನೆಲ್ಲ ಹೇಳಿದ. ಮುದುಕಿ ಬತ್ತಿ ಹೊಸೆಯುತ್ತ ಕೇಳಿದಳು.

"ಹುಚ್ಚಪ್ಪಾ, ನನಗ್ಯಾಕ ಬೇಕು ನಿನ್ನ ಸ್ಕೋರು? ಹನ್ನೊಂದು ವರ್ಷ ಒಂದನೇ ತಾರೀಖು ತಪ್ಪಿಸಿಲ್ಲ ನೀನು. ಬ್ಯಾಂಕಿನಾಗ ಆಗವಲ್ದು ಅವ್ವಾ, ತಿಂಗಳಾ ಕಟ್ಟಿ ತೀರಿಸ್ತೀನಿ ಅಂದಿದ್ರ ನಾನು ಬ್ಯಾಡ ಅಂತಿದ್ನೇನು?"

ಸಣ್ಣಬಸಪ್ಪನಿಗೆ ಅಳು ಬಂತು. "ಈಗ ಅಂತೀನ್ರಿ ಅವ್ವಾ! ಕಾಲಿಗೆ ಬೀಳ್ತೀನಿ!"

"ನಾನು ಹ್ಞೂಂ ಅಂದ್ರೂ ನನ್ನ ಅಳಿಯ ವಾಗೀಶ್ ಅನ್ನಬೇಕಲ್ಲ. ಅವ ಆಸ್ತಿ ಪತ್ರ ಬರಿಯಾವ. ಕಣ್ಣಿಂದ ಕಂಡಿದ್ದು ನಂಬಾಂಗಿಲ್ಲ, ಕಾಗದ ನಂಬ್ತಾನ. ಆರಕ್ಕ ಬರ್ತಾನ. ನನ್ನ ಸಹಿ ಇರೋ ಕಾಗದ ತಂದು ಅವನ ಮುಂದ ಹಿಡಿ. ಹನ್ನೊಂದು ವರ್ಷದ ತಾರೀಖು ನೋಡಿದ್ರ ಅವನೂ ಒಪ್ಪತಾನ."

ಸಣ್ಣಬಸಪ್ಪ ಓಡಿದ. ಶೆಡ್ಡಿನಲ್ಲಿ ಚಿಂದಿ ಚೀಲವನ್ನು ನೆಲಕ್ಕೆ ಸುರಿದು, ನೀಲಿ ಬಟ್ಟೆಯ ಗುಡ್ಡದಲ್ಲಿ ಕೋಳಿಯಂತೆ ಕೆದರಿದ. ನಾಲ್ಕೂ ಚೂರು ಸಿಕ್ಕವು! ದೇವರು ದೊಡ್ಡವನು.

"ಅಂಟು ಹಚ್ರಿ," ಅಂದಳು ಉಷಾರಾಣಿ. "ಗೋಂದು ಮನ್ಯಾಗ ಐತಿ, ತರ್ತೀನಿ."

"ಗೋಂದು ಒಣಗೂದ್ಯಾವಾಗ? ಅಂಟು ಬಿಡ್ತೈತಿ, ನನ್ನ ಹೊಲಿಗಿ ಬಿಡಾಂಗಿಲ್ಲ!"

ಮಿಷಿನ್ನಿಗೆ ಕೂತೇಬಿಟ್ಟ. ಹನ್ನೊಂದು ವರ್ಷ ಲಕ್ಷಾಂತರ ಪ್ಯಾಂಟಿನ ಕಾಲು ಹೊಲಿದ ಮಿಷಿನ್ನು. ಎರಡೂ ಅಂಚನ್ನು ಒಳಗೆ ಮಡಚಿಕೊಂಡು, ಕಿತ್ತಳೆ ದಾರದಲ್ಲಿ ಜೋಡಿ ಹೊಲಿಗೆ ಹಾಕಿತು. ಒಮ್ಮೆ ಉದ್ದಕ್ಕೆ. ಒಮ್ಮೆ ಅಡ್ಡಕ್ಕೆ. ಅಷ್ಟು ನೇರವಾದ ಹೊಲಿಗೆಯನ್ನು ಅವನು ಗಿರಾಕಿಗೂ ಕೊಟ್ಟಿರಲಿಲ್ಲ.

ಆರು ಗಂಟೆಗೆ ಸರಿಯಾಗಿ ಕಾಗದ ವಾಗೀಶನ ಕೈಯಲ್ಲಿತ್ತು. ಜಂಬಯ್ಯನೂ ಮಂಜೂರಿ ಕಾಗದ ಹಿಡಿದು ಬಂದು ಕಂಬಕ್ಕೆ ಒರಗಿದ್ದ. ಉಷಾರಾಣಿ ಬಾಗಿಲಲ್ಲಿ ಸೆರಗು ಬಿಗಿ ಹಿಡಿದು ನಿಂತಿದ್ದಳು. ವಾಗೀಶ್ ಕನ್ನಡಕ ಏರಿಸಿ ಕಾಗದದ ಮುಂಬದಿ ಓದಿದ, ತಿರುಗಿಸಿದ, ಬೆಳಕಿಗೆ ಹಿಡಿದ.

"ತಾರೀಖು ಎಲ್ರಿ?"

"ನಡುವ ನೋಡ್ರಿ, ಮ್ಯಾಲಿಂದ ಕೆಳಗ."

"ನಡುವ ದಾರ ಐತಿ."

ಅನ್ನದಾನಮ್ಮ ಕಾಗದ ಇಸಿದುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಹೊಲಿಗಿ ಚೊಲೋ ಐತಲೋ ಬಸಪ್ಪ. ಆದ್ರ ನನ್ನ ಸಹಿ ಎಲ್ಲಾ ಅದರೊಳಗ ಮಡಚಿ ಹೋಗ್ಯಾವ."

"ಬಿಚ್ಚತೀನ್ರಿ, ಈಗ ಬಿಚ್ಚತೀನಿ!" ಸಣ್ಣಬಸಪ್ಪ ಜೇಬಿನಿಂದ ಬ್ಲೇಡು ತೆಗೆದು ದಾರ ಕತ್ತರಿಸಿದ. ಜೀನ್ಸಿನ ದಪ್ಪ ಸೂಜಿ ಹನ್ನೊಂದು ವರ್ಷದ ಬರಹದ ಮೇಲೆಲ್ಲ ಒತ್ತೊತ್ತಾಗಿ ತೂತು ಹಾಕಿತ್ತು. ಎಳೆದ ಕೂಡಲೇ ಸಹಿಗಳೂ ತಾರೀಖುಗಳೂ ರವೆಯಂತೆ ಉದುರಿ ಕಟ್ಟೆಯ ಮೇಲೆ ಬಿದ್ದವು. ಜಂಬಯ್ಯ ಕೆಮ್ಮಿದ. ಆ ಗಾಳಿಗೆ ಅವೂ ಹಾರಿಹೋದವು.

ದೀಪ ಹಚ್ಚಿದರು. ಶೆಡ್ಡು ಜಂಬಯ್ಯನದಾಯಿತು.

ಜಂಬಯ್ಯ ಕೆಟ್ಟವನಲ್ಲ. ಖಾಲಿ ಮಾಡಿಸುವುದೂ ಒಂದು ಕೆಲಸ, ಅದನ್ನು ಯಾರು ಮಾಡುತ್ತಾರೆ? "ಇರಪಾ ನೀನು ಅಲ್ಲೇ," ಅಂದ. ವಾಗೀಶ್ ಕೂತಲ್ಲೇ ಹೊಸ ಕರಾರು ಬರೆದ. "ಹಳೇ ಕಾಗದ ಇಲ್ಲ ಅಂದ್ರ ಹೊಸ ಬಾಡಿಗಿದಾರ ಅಂತ ಬರೀಬೇಕಾಗ್ತೈತಿ. ಹೊಸಬರಿಗೆ ಈಗ ಅಡ್ವಾನ್ಸು ಒಂದು ಲಕ್ಷ," ಅಂದ. ಬೆಳಿಗ್ಗೆ ಅನ್ನದಾನಮ್ಮನಿಂದ ಬಂದ ಐವತ್ತು ಸಾವಿರ ಸಂಜೆ ಜಂಬಯ್ಯನ ಜೇಬಿಗೆ ಹೋಯಿತು. ಉಳಿದ ಐವತ್ತಕ್ಕೆ ಉಷಾರಾಣಿ ಕೈಯ ಚಿನ್ನದ ಬಳೆ ನೋಡಿಕೊಂಡಳು.

ಸಣ್ಣಬಸಪ್ಪ ಸಹಿ ಹಾಕಿದ. ಅಡ್ವಾನ್ಸು ಅರ್ಧ ಮುಟ್ಟಿತು ಎಂದು ಬರೆಯಲು ಜಂಬಯ್ಯ ಕಾಗದ ತಿರುಗಿಸಿ, ನಟ್ಟನಡುವೆ ಪೆನ್ನು ಊರಿದ.

"ಏಯ್, ನಡುವ ಬ್ಯಾಡೋ!" ಸಣ್ಣಬಸಪ್ಪ ಕಟ್ಟೆ ನಡುಗುವಂತೆ ಕೂಗಿದ. "ಅಂಚಿಗೆ ಹಾಕು, ಅಂಚಿಗೆ!"