ದುಂಡುವಿನ ತಾಯಿ ಮತ್ತು ನಮ್ಮ ಅತ್ತೆಯ ಚಹಾ

ಸಿನಿಮಾ ತೆಗೆಯುವವರಲ್ಲಿ ನನ್ನದೊಂದು ವಿನಂತಿ. ಮರಿಯನ್ನು ತಾಯಿಯಿಂದ ಅಗಲಿಸಿ, ಕೊನೆಗೆ "ಮುಂದುವರಿಯುವುದು" ಎಂದು ಬರೆದು ಎದ್ದು ಹೋಗಬೇಡಿ. ನಿಮಗೇನು, ಅಂಗಡಿ ಮುಚ್ಚಿ ಮನೆಗೆ ಹೋಗುತ್ತೀರಿ. ಇತ್ತ ಬೆಟಗೇರಿಯ ಒಂದು ಮನೆಯಲ್ಲಿ ಎರಡೂವರೆ ವರ್ಷ ಚಹಾ ನಿಂತುಹೋಗುತ್ತದೆ.

ಆದದ್ದು ಹೀಗೆ. ಮಗಳು ಸಪ್ನಾಳ ಹಟಕ್ಕೆ ಸೋತು ನಾವೆಲ್ಲ ಗದಗಿನ ಟಾಕೀಜಿಗೆ ಒಂದು ಕಾರ್ಟೂನ್ ಸಿನಿಮಾ ನೋಡಲು ಹೋಗಿದ್ದೆವು. ದುಂಡು ಎಂಬ ಆನೆಮರಿಯ ಸಾಹಸದ ಕಥೆ. ಪ್ರವಾಹದಲ್ಲಿ ತಾಯಿಯನ್ನು ಕಳೆದುಕೊಂಡ ಮರಿ, ಒಂದು ನೀರುನಾಯಿಯನ್ನು ಜೊತೆ ಮಾಡಿಕೊಂಡು, ತೆಪ್ಪದ ಮೇಲೆ ಏಳು ನದಿ ದಾಟುತ್ತದೆ. ಚೆನ್ನಾಗಿತ್ತು. ನೀರುನಾಯಿ ಸತ್ತಾಗ ನಾನೂ ಸೆರಗು ಒದ್ದೆ ಮಾಡಿಕೊಂಡೆ. ಆದರೆ ನಮ್ಮ ಅತ್ತೆ ಅಮೃತವ್ವ ಡೋಣಿ ಎಂಬ ಹಳ್ಳಿಯಲ್ಲಿ ನಲವತ್ತು ವರ್ಷ ಎಮ್ಮೆ ಕಟ್ಟಿದವರು. ಕರು ತಾಯಿಯಿಂದ ಅಗಲುವುದನ್ನು ಪರದೆಯ ಮೇಲೂ ಸಹಿಸುವವರಲ್ಲ. ಕೊನೆಯಲ್ಲಿ ದುಂಡು ಆಚೆ ದಂಡೆಯಲ್ಲಿ ತಾಯಿಯ ಹೆಜ್ಜೆ ಕಂಡು ಘೀಳಿಟ್ಟಿತು, ಅಷ್ಟಕ್ಕೇ ಸಿನಿಮಾ ಮುಗಿಯಿತು. ಅತ್ತೆ ಇದ್ದಲ್ಲೇ ಎದ್ದು ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಜೋಡಿಸಿದರು.

"ಯಪ್ಪಾ ವೀರಭದ್ರಾ, ಈ ಕೂಸು ಅವರವ್ವನ್ನ ಕೂಡೂಮಟ ನಾ ಚಾ ಮುಟ್ಟೂದಿಲ್ಲ!"

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. (ತಟ್ಟದೆ ಏನು? ಅವರೆಲ್ಲ ತಮ್ಮ ತಮ್ಮ ಮನೆಗೆ ಹೋಗುವವರು.)

ದಿನಕ್ಕೆ ಏಳು ಕಪ್ ಕುಡಿಯುತ್ತಿದ್ದ ಜೀವ ಒಮ್ಮೆಲೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಸುಕಿನಲ್ಲೇ ಅವರ ತಲೆ ಸಿಡಿಯಲು ಶುರು. ಏಳು ಗಂಟೆಗೆ ಅದು ನನ್ನ ತಲೆಗೆ ದಾಟುತ್ತಿತ್ತು. ರೊಟ್ಟಿ ದಪ್ಪವಾಯಿತು, ರೊಟ್ಟಿ ತೆಳುವಾಯಿತು, ರೊಟ್ಟಿ ಸರಿಯಾಗಿದೆ ಆದರೆ ನಾನು ತಟ್ಟುವ ಸಪ್ಪಳ ಜಾಸ್ತಿ. ಚಹಾದ ವಾಸನೆ ಬಂದರೆ ಸಾಕು, "ನನ್ನ ಮುಂದ ಕುದಸ್ತಿಯೇನು?" ಎಂದು ಕಣ್ಣೀರು ತೆಗೆಯುತ್ತಿದ್ದರು. ಹಾಗಾಗಿ ನಮ್ಮ ಮನೆಯವರು ಬಸ್ ಸ್ಟ್ಯಾಂಡಿನ ಹತ್ತಿರ ಕುಡಿದು ಬರುವುದು, ನಾನು ಪಕ್ಕದ ಮನೆಯ ಮೋತಿಬಿಯ ಅಡುಗೆಮನೆಯಲ್ಲಿ ನಿಂತುಕೊಂಡೇ ಕುಡಿದು, ಬಾಯಿ ಮುಕ್ಕಳಿಸಿ ಬರುವುದು ರೂಢಿಯಾಯಿತು. ಮದುವೆಯಾಗಿ ಹದಿನಾಲ್ಕು ವರ್ಷದ ಗೃಹಿಣಿ, ಕಳ್ಳಬಟ್ಟಿ ಕುಡಿದವಳ ಹಾಗೆ ಗೋಡೆ ಹಿಡಿದು ಮನೆಗೆ ಬರುತ್ತಿದ್ದೆ.

ಹೀಗಿರುವಾಗ ಹೋದ ತಿಂಗಳು ಒಂದು ಭಾನುವಾರ ನಮ್ಮ ಮನೆಯವರು ಕುಣಿಯುತ್ತ ಬಂದರು.

"ಏ ಅನ್ನಪೂರ್ಣಾ! ದುಂಡೂಂದು ಎರಡನೇ ಪಾರ್ಟು ಬಂದೈತಿ!"

"ಖರೇನ? ಯಾವ ಟಾಕೀಜಿನ್ಯಾಗ್ರಿ?"

"ಟಾಕೀಜಿಗೆ ಬಂದಿಲ್ಲ. ಸೀದಾ ಟಿವಿಗೇ ಬಿಟ್ಟಾರ."

ನನಗೆ ಅಲ್ಲೇ ಸಂಶಯ ಬರಬೇಕಿತ್ತು. ಹುಡುಗಿ ನೋಡಲು ಹಗಲಿನಲ್ಲಿ ಬರದೆ ನೇರವಾಗಿ ತಾಳಿಯನ್ನೇ ಕಳುಹಿಸುವ ವರನ ಬಗ್ಗೆ ಯಾರಿಗೆ ಸಂಶಯ ಬರುವುದಿಲ್ಲ? ಟಾಕೀಜಿನಲ್ಲಿ ಸಿನಿಮಾ ಕೆಟ್ಟಿದ್ದರೆ ಜನ ಚಪ್ಪಲಿ ಎಸೆಯುತ್ತಾರೆ. ಮನೆಯಲ್ಲಿ ಎಸೆದರೆ ಒಡೆಯುವುದು ನಮ್ಮದೇ ಟಿವಿ. ಅದನ್ನು ಚೆನ್ನಾಗಿ ವಿಚಾರ ಮಾಡಿಯೇ ಬಿಟ್ಟಿದ್ದಾರೆ, ಪುಣ್ಯಾತ್ಮರು.

ಆದರೂ ನಾನು ಮಧ್ಯಾಹ್ನ ದೇವರಿಗೆ ಎರಡು ಊದಿನಕಡ್ಡಿ ಹೆಚ್ಚಿಗೆ ಹಚ್ಚಿ, ಸಕ್ಕರೆ, ಚಹಾಪುಡಿ, ಶುಂಠಿ ತೆಗೆದಿಟ್ಟು ಬಂದು ಕುಳಿತೆ. ಇವತ್ತು ತಾಯಿ-ಮಗು ಕೂಡುವುದು, ನಾಳೆಯಿಂದ ನನ್ನ ರೊಟ್ಟಿಗೆ ಮೋಕ್ಷ.

ಶುರುವಾಯಿತು ಮಹಾಕಾವ್ಯ. ದುಂಡುವಿಗೆ ಮೊದಲು ಮಗುವಿನ ದನಿ ಇತ್ತು. ಈಗ ನೆಗಡಿಯಾದ ಗಂಡಸೊಬ್ಬ ಮೂಗಿನಲ್ಲಿ ಮಾತಾಡುತ್ತಿದ್ದ. ಮೈಬಣ್ಣ ಬೂದಿ ಹೋಗಿ ಬದನೆಕಾಯಿ. ಓಡುವಾಗ ಹಿಂದೆ ಅದೇ ಒಂದು ಮರ ಮತ್ತೆ ಮತ್ತೆ ಬರುತ್ತಿತ್ತು. ಸಪ್ನಾ ಹನ್ನೊಂದು ಸಲ ಎಣಿಸಿ ಬಿಟ್ಟುಬಿಟ್ಟಳು. ಹೊಳೆಗೆ ಬಿದ್ದವರು ಒಣಗಿಯೇ ಏಳುತ್ತಿದ್ದರು. ಹಿಂದಿನ ಭಾಗದಲ್ಲಿ ಸತ್ತ ನೀರುನಾಯಿ ಟೋಪಿ ಹಾಕಿಕೊಂಡು ಬಂದು ಹಾಡು ಹೇಳಿತು. ಸತ್ತವನು ಎದ್ದು ಬಂದಾಗ ಯಾರಾದರೂ ಒಬ್ಬರು "ಏನಪ್ಪಾ, ಹೆಂಗಿದ್ದಿ?" ಎಂದಾದರೂ ಕೇಳಬೇಡವೇ? ಯಾರೂ ಕೇಳಲಿಲ್ಲ. ನಾನು ಸೆರಗು ಒದ್ದೆ ಮಾಡಿಕೊಂಡದ್ದಕ್ಕೆ ಬೆಲೆಯೇ ಇಲ್ಲದಂತಾಯಿತು. ಎಲ್ಲಕ್ಕಿಂತ ಮೇಲಾಗಿ, ಮಗರಾಯ ದುಂಡುವಿಗೆ ತಾಯಿಯ ನೆನಪೇ ಇಲ್ಲ! ಯಾವುದೋ ಬಂಗಾರದ ತೆಂಗಿನಕಾಯಿ ಹುಡುಕುತ್ತಾನಂತೆ.

ನಮ್ಮ ಮನೆಯವರು ಅರ್ಧಕ್ಕೇ ಗೊರಕೆ ಹೊಡೆದರು. ಅತ್ತೆ ಮಾತ್ರ ಕಣ್ಣು ಮಿಟುಕಿಸಲಿಲ್ಲ.

ಮುಗಿಯಲು ಎರಡು ನಿಮಿಷವಿದೆ ಎನ್ನುವಾಗ ಪೊದೆಯ ಹಿಂದಿನಿಂದ ಒಂದು ದೊಡ್ಡ ಆನೆ ಬಂತು. "ಮಗನೇ" ಎಂದಿತು. "ಅಮ್ಮಾ" ಎಂದಿತು ಬದನೆಕಾಯಿ. ಅಪ್ಪಿಕೊಂಡವು. ನಾನು ಅಡುಗೆಮನೆಗೆ ಓಡಿ ಒಲೆ ಹೊತ್ತಿಸಿಯೇಬಿಟ್ಟೆ.

"ಆರಸು ಒಲಿ," ಎಂದರು ಅತ್ತೆ ಕುಳಿತಲ್ಲಿಂದಲೇ. "ಇಕಿ ಅದರವ್ವ ಅಲ್ಲ."

"ಅಂದ್ರ? ಅವ್ವ ಅಂತ ಅದರ ಬಾಯಿಲೇನ ಅಂತಲ್ರೀ!"

"ಅವರವ್ವಂದು ಎಡಗಿವಿ ಹರದಿತ್ತು. ಇಕಿದು ನೆಟ್ಟಗೈತಿ."

ಹೌದು. ಮೊದಲನೇ ಭಾಗದಲ್ಲಿ ಹರಿದ ಕಿವಿ ನನಗೂ ನೆನಪಿತ್ತು. ತೆಗೆದವರಿಗೆ ಮಾತ್ರ ನೆನಪಿರಲಿಲ್ಲ.

"ಕರ ಸತ್ತರ ಅದರ ಚರ್ಮದಾಗ ಹುಲ್ಲು ತುಂಬಿ ಎಮ್ಮಿ ಮುಂದ ಇಡತಿದ್ವಿ," ಎಂದರು ಅತ್ತೆ. "ಪಾಪ, ಅದು ತನ್ನ ಕರಾನ ಅಂತ ನೆಕ್ಕಿ ಹಾಲು ಬಿಡತಿತ್ತು. ಇವ್ರೂ ಹಂಗ ಹುಲ್ಲು ತುಂಬಿದ ಪಿಕ್ಚರ್ ತಂದಿಟ್ಟಾರ. ನನ್ನ ಎಮ್ಮಿ ಅಂತ ತಿಳಕೊಂಡಾರೇನು?"

ಎರಡನೇ ಭಾಗಗಳ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಯಾವ ಪೇಪರಿನಲ್ಲೂ ಓದಿಲ್ಲ. ಆದರೆ ಒಪ್ಪಿದರೆ ನನ್ನ ಗತಿ? ಉಗಿಯಬೇಕಾದ ಸಿನಿಮಾದ ಪರವಾಗಿ ವಕೀಲಿ ಶುರು ಮಾಡಿದೆ.

"ಕಿವಿ ಹೊಲಿಸಿಕೊಂಡಿರಬೇಕ್ರಿ ಅತ್ತಿ."

"ಯಾವ ಸಿಂಪಿಗ್ಯಾ ಹೊಲದ?"

"ಎರಡೂವರಿ ವರ್ಷ ಆತಲ್ರಿ, ತಾನ ಕೂಡಿರಬೇಕು."

"ಹೌದೇನು?" ಅತ್ತೆ ನನ್ನನ್ನೇ ನೋಡಿದರು. "ಹಂಗಾರ ದೇವರ ಮುಂದಿನ ದೀಪ ಮುಟ್ಟಿ ಹೇಳು. ಅಕಿ ಅದರವ್ವ ಹೌದಂತ. ನೀ ಭಕ್ತಿ ಇದ್ದಾಕಿ, ನಿನ್ನ ಮಾತು ನಂಬತೀನಿ."

ನಮ್ಮ ಮನೆಯವರು ಆಗ ಎಚ್ಚರಾಗಿದ್ದರು. "ನೀವರ ಹೇಳ್ರಿ," ಎಂದೆ. "ನಾ ಮಲಗಿದ್ನಲ್ಲ ಮಾರಾಯ್ತಿ," ಎಂದು ಮತ್ತೆ ಕಣ್ಣು ಮುಚ್ಚಿದರು.

ಮುಂಜಾನೆ ಮತ್ತು ಸಂಜೆ ನಾನೇ ಎಣ್ಣೆ ಹಾಕುವ ದೀಪ ಅದು. ಅದರ ಮುಂದೆ ಇಂದಿನವರೆಗೆ ಒಂದು ಸುಳ್ಳು ಹೇಳಿದವಳಲ್ಲ. ಮುಂದಿನ ಎರಡೂವರೆ ವರ್ಷದ ರೊಟ್ಟಿಗಳು ಕಣ್ಣ ಮುಂದೆ ಸಾಲಾಗಿ ಬಂದವು. ಕೈ ಚಾಚಿದೆ. ಮುಟ್ಟಿದೆ.

"ಅಕಿ ಅದರವ್ವ ಹೌದ್ರಿ."

"ಆತು. ಶುಂಠಿ ಜಾಸ್ತಿ ಹಾಕು."

ಅವತ್ತು ಮೂರು ಕಪ್ ಕುಡಿದರು. ಮರುದಿನ "ರೊಟ್ಟಿ ಹೂವಿನಂಗ ಆಗೇತಿ" ಎಂದರು. ಮನೆ ಸ್ವರ್ಗವಾಯಿತು, ನರಕ ಪೂರ್ತಿಯಾಗಿ ನನ್ನ ಹೊಟ್ಟೆಯೊಳಗೆ ಬಂದು ಕುಳಿತಿತು. ಮುಖ ತಿರುಗಿಸಿಯೇ ದೀಪ ಹಚ್ಚುತ್ತಿದ್ದೆ. ಮೋತಿಬಿಗೆ ಹೇಳಿಕೊಂಡೆ. "ಒಂದು ಆನಿ ಸಲುವಾಗಿ ಸುಳ್ಳು ಹೇಳಿದ್ರ ದೇವ್ರು ಮನಸಿಗೆ ಹಚ್ಚಿಕೊಳ್ಳೂದಿಲ್ಲ ಬಿಡ ಅಕ್ಕಾ," ಎಂದಳು. ನನ್ನ ದೇವರು ವೀರಭದ್ರ. ಮನಸ್ಸಿಗೆ ಹಚ್ಚಿಕೊಳ್ಳುವವನೇ.

ನಾಲ್ಕನೇ ದಿನ ತಡೆಯಲಾಗದೆ ಕೈಮುಗಿದು ಬೇಡಿಕೊಂಡೆ: ತಪ್ಪಾಯಿತು ತಂದೆ, ದುಂಡು ತನ್ನ ಖರೆ ತಾಯಿಯನ್ನು ಕೂಡುವವರೆಗೆ ಇನ್ನು ನಾನು ಚಹಾ ಮುಟ್ಟುವುದಿಲ್ಲ. ಹೋಗಿ ಅತ್ತೆಯ ಕಾಲು ಹಿಡಿದು ಎಲ್ಲ ಒಪ್ಪಿಕೊಂಡೆ.

ಅತ್ತೆ ಬಸಿಯಲ್ಲಿ ಸುರುವಿದ ಚಹಾ ಊದುತ್ತ ಕೇಳಿದರು.

"ನನಗ ಗೊತ್ತಿತ್ತು ಬಿಡು. ಯಾವ ಕರ ಯಾರದಂತ ನನಗ ತಿಳಿಯೂದಿಲ್ಲೇನು?"

"ಗೊತ್ತಿದ್ದೂ ಕುಡದ್ರೀ?"

"ನಾ ಏನು ದೀಪ ಮುಟ್ಟೀನೇನವಾ? ಮುಟ್ಟಿದಾಕಿ ನೀನು. ನನ್ನ ಹರಕಿ ಬಿಡಸಾಕ ಈ ಮನ್ಯಾಗ ಯಾರರ ಒಬ್ರು ದೀಪ ಮುಟ್ಟತಾರೇನಂತ ಎರಡೂವರಿ ವರ್ಷದಿಂದ ದಾರಿ ನೋಡಾಕತ್ತಿದ್ದೆ. ನನ್ನ ಮಗ ಅಂಜುಬುರಕ. ನೀ ಗಟ್ಟಿಗಿತ್ತಿ."

ಅಷ್ಟರಲ್ಲಿ ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತಿದ್ದ ಸಪ್ನಾ ಕೂಗಿದಳು, "ಅವ್ವಾ, ಮೂರನೇ ಪಾರ್ಟ್ ಬರ್ತೈತಂತ!"

ನನಗೆ ಹೋದ ಜೀವ ಬಂದಂತಾಯಿತು. "ಯಾವಾಗ? ಅದರಾಗ ತಾಯಿ ಸಿಗತಾಳೇನು?"

"ಇಲ್ಲ. ಅದು ದುಂಡು ಹುಟ್ಟೂಕಿಂತ ಮೊದಲಿನ ಕಥಿ ಅಂತ."

ನಾನು ಹಿಡಿದ ಕಾಲು ಬಿಟ್ಟು ಅಲ್ಲೇ ಕುಳಿತೆ. ಅತ್ತೆ ಬಸಿ ಬರಿದು ಮಾಡಿ ನನ್ನ ಕಡೆ ಸರಿಸಿದರು.

"ಏಳವಾ, ಇನ್ನೊಂದು ಅರ್ಧ ಕಪ್ ತಗೊಂಬಾ. ನಿನ್ನ ಪಾಲಿಂದು ಹೆಂಗೂ ಉಳದೈತಲ್ಲ."