ನನ್ನ ಭಾವನೆಗಳಿಗೆ ಬಿದ್ದ ಅಂಕ

ಅಂಕ ಕೊಡುವವರಿಗೆ ಅಂಕ ಪಡೆಯುವವರ ಸಂಕಟ ತಿಳಿಯುವುದಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೂ ತಿಳಿದಿರಲಿಲ್ಲ, ಕೆ.ಆರ್. ನಗರದಲ್ಲಿ ನಡೆದ ಆ ತರಬೇತಿಗೆ ಹೋಗುವತನಕ. ವಿಷಯ, ಭಾವನಾತ್ಮಕ ಬುದ್ಧಿಮತ್ತೆ. ಅದೊಂದು ಸಾಮರ್ಥ್ಯ, ಪರೀಕ್ಷೆ ಮಾಡಿ ಅಳೆಯಬಹುದು ಎಂದರು ತರಬೇತಿಯ ಮೇಡಂ. ಬರೆದುಕೊಂಡೆ. ಊಟವಾದ ಮೇಲೆ, ಕೆಲವರ ಪ್ರಕಾರ ಅದು ಸ್ವಭಾವ, ಅವರವರನ್ನೇ ಕೇಳಿ ತಿಳಿಯಬೇಕು ಎಂದರು. ಬರೆದದ್ದನ್ನು ಹೊಡೆದುಹಾಕಿದೆ. ಎರಡಕ್ಕೂ ಒಂದೊಂದು ಪ್ರಶ್ನೆಪತ್ರಿಕೆ ಕೊಟ್ಟರು. ಸ್ವಭಾವದ ಪತ್ರಿಕೆಯಲ್ಲಿ 'ಇತರರ ನೋವು ನನಗೆ ತಕ್ಷಣ ತಿಳಿಯುತ್ತದೆ' ಎಂಬುದರ ಮುಂದೆ 'ಯಾವಾಗಲೂ' ಎಂದು ಗುರುತು ಹಾಕಿ, ಇಂಥವೇ ಉತ್ತರಗಳಿಂದ ನೂರಕ್ಕೆ ತೊಂಬತ್ತು ಗಳಿಸಿದೆ. ಸಾಮರ್ಥ್ಯದ ಪತ್ರಿಕೆಯಲ್ಲಿ ಮುಖಗಳ ಫೋಟೊ ನೋಡಿ ಭಾವನೆ ಹೇಳಬೇಕಿತ್ತು. ದುಃಖದಲ್ಲಿದ್ದ ಹೆಂಗಸಿಗೆ 'ನಿದ್ದೆ' ಎಂದು ಬರೆದೆ, ಇಪ್ಪತ್ತು ಬಂತು. ಸರಾಸರಿ ತೆಗೆಯಲೇ ಎಂದು ಕೇಳಿದೆ. ಮೇಡಂ ಮೂರನೆಯ ಪತ್ರಿಕೆ ಕೈಗಿಟ್ಟು, "ಇದನ್ನ ನಿಮ್ಮನ್ನ ಬಲ್ಲವರ ಹತ್ರ ತುಂಬಿಸಿ ಸಾರ್" ಎಂದರು.

ಹೆಂಡತಿಗೆ ಕೊಡುವ ಧೈರ್ಯವಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಪಕ್ಕದಲ್ಲೇ ಕೂರುವ ಪಿ.ಟಿ. ಮೇಷ್ಟ್ರು ನಿಂಗೇಗೌಡರಿಗೆ ಕೊಟ್ಟೆ. ಅವರು ಏನೂ ತುಂಬದೆ ವಾಪಸ್ಸಿಟ್ಟರು. "ನಮ್ಮ ಎತ್ತು ಕೆಂಚ ಸತ್ತು ಹದಿನೈದ್ ದಿನ ಆಯ್ತು ಕಣ್ರೀ. ಅವತ್ತಿಂದ ನಾನು ಡಬ್ಬಿ ಬಿಚ್ಚಿಲ್ಲ. ನೀವು ದಿನಾ ಪಕ್ಕದಲ್ಲೇ ಕೂತು ಉಂಡ್ರಿ. ಏನಂತ ತುಂಬ್ಲಿ?" ಎಂದರು. ನಾನೋ, ಅವರು ಡಯಟ್ ಮಾಡುತ್ತಿದ್ದಾರೆಂದುಕೊಂಡು ಹೊಟ್ಟೆ ಕರಗಿದ್ದನ್ನು ಎಲ್ಲರೆದುರು ಹೊಗಳಿದ್ದೆ.

ಭಾನುವಾರ ಸಾಲಿಗ್ರಾಮದ ಹತ್ತಿರವಿರುವ ಅವರ ಹಳ್ಳಿಗೆ ಹೋದೆ. ಕೊಟ್ಟಿಗೆಯಲ್ಲಿ ಒಂಟಿಯಾಗಿ ನಿಂತಿದ್ದ ಇನ್ನೊಂದು ಎತ್ತು ನನ್ನನ್ನೇ ನೋಡಿತು. ಅದಕ್ಕೆ ದುಃಖವೋ ಹಸಿವೋ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಸಮಾಧಾನದ ಮಾತು ಶುರುಮಾಡಬೇಕು, ಅಷ್ಟರಲ್ಲಿ ಅವರ ತಾಯಿ ಕಾಫಿ ತಂದರು. ಗಾಬರಿಯಲ್ಲಿ ದೊಡ್ಡ ಗುಟುಕು ಕುಡಿದುಬಿಟ್ಟೆ. ಬಾಯೆಲ್ಲ ಸುಟ್ಟು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕಣ್ಣಲ್ಲಿ ದಳದಳ ನೀರು. ನಿಂಗೇಗೌಡರು ನನ್ನ ಕೈ ಹಿಡಿದುಕೊಂಡರು.

"ಬುಡಿ ಸಾರ್, ಅಳ್ಬೇಡಿ. ಬಂದೋರೆಲ್ಲ 'ಇನ್ನೊಂದ್ ಎತ್ತು ತಂದ್ರಾಯ್ತು' ಅಂದೋರೇ. ಏನೂ ಮಾತಾಡ್ದೆ ಅತ್ತೋರು ನೀವೊಬ್ರೇ ಕಣ್ರೀ" ಎಂದು ತಾವೂ ಗಳಗಳ ಅತ್ತರು. ಆಮೇಲೆ ಎಷ್ಟೋ ದಿನಗಳಿಂದ ಬಿಟ್ಟಿದ್ದ ಮಧ್ಯಾಹ್ನದ ಊಟವನ್ನು ಹೊಟ್ಟೆ ತುಂಬ ಉಂಡರು. ನಿಜ ಹೇಳಲು ಬಾಯಿ ತೆರೆದೆ, ಸುಟ್ಟ ನಾಲಿಗೆ ಹೊರಳಲಿಲ್ಲ.

ಅವರು ತುಂಬಿದ ಪತ್ರಿಕೆಯಲ್ಲಿ ನನಗೆ ನೂರಕ್ಕೆ ನೂರು. ಹೆಡ್‌ಮಾಸ್ಟರು ಅದನ್ನು ನೋಡಿ ಮಕ್ಕಳ ಕಷ್ಟಸುಖ ಕೇಳುವ ಹೊಣೆಯನ್ನು ನನಗೇ ವಹಿಸಿದ್ದಾರೆ. ದಿನಾ ಯಾರಾದರೊಬ್ಬರು ಬಂದು ಎದುರು ಕೂರುತ್ತಾರೆ. ಏನು ಹೇಳಬೇಕೆಂದು ತಿಳಿಯದೆ ನಾನು ಸುಮ್ಮನಿರುತ್ತೇನೆ. ಅವರು ಹಗುರಾಗಿ ಎದ್ದು ಹೋಗುತ್ತಾರೆ. ಇದನ್ನೆಲ್ಲ ಹೆಮ್ಮೆಯಿಂದ ಮನೆಯಲ್ಲಿ ಹೇಳಿದೆ.

"ಮನೇಲೂ ಇಂಗೇ ಮಾತಾಡ್ದೆ ಕೂತಿರ್ತೀರಲ್ಲ, ನಂಗ್ಯಾಕ್ರೀ ಸಮಾಧಾನ ಆಗಕಿಲ್ಲ?" ಎಂದಳು ಹೆಂಡತಿ.

ಅದಕ್ಕೂ ಸುಮ್ಮನೇ ಕೂತಿದ್ದೇನೆ.