ಫೆಲೆಟಿಯ ಶುದ್ಧ ಶರೀರ

ಫೆಲೆಟಿ ಕೆಟ್ಟದ್ದು ನಾಲ್ಕೇ ಅಕ್ಷರದ ಒಂದು ಮಾತಿನಿಂದ. ಶನಿವಾರ ಬೆಳಗ್ಗೆ ಲುಪೆ ಅತ್ತೆ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಾಗ ಅವನು ಹಲ್ಲುನೋವು ಎನ್ನಬಹುದಿತ್ತು, ಹೊಟ್ಟೆ ಸರಿಯಿಲ್ಲ ಎನ್ನಬಹುದಿತ್ತು. ಏನೂ ತೋಚದಿದ್ದರೆ ಸತ್ತವನಂತೆ ಚಾಪೆಯ ಮೇಲೆ ಬಿದ್ದುಕೊಂಡಿದ್ದರೂ ನಡೆಯುತ್ತಿತ್ತು. ಅದೆಲ್ಲ ಬಿಟ್ಟು "ಉಪವಾಸ" ಎಂದುಬಿಟ್ಟ.

ಆ ಬುಟ್ಟಿಯಲ್ಲಿದ್ದದ್ದು ಸಾಮಾನ್ಯ ತಿಂಡಿಯಲ್ಲ. ಕುರಿಮಾಂಸಕ್ಕೆ ತೆಂಗಿನ ಹಾಲು ಸುರಿದು, ಕೆಸುವಿನ ಎಲೆಯಲ್ಲಿ ಕಟ್ಟಿ, ಮಣ್ಣೊಲೆಯಲ್ಲಿ ಹೂತು ಬೇಯಿಸಿದ ಲೂ. ಅತ್ತೆ ಲೂ ಬೇಯಿಸಿದ ದಿನ ಅದರ ಪರಿಮಳಕ್ಕೆ ಮೀನುದೋಣಿಗಳು ದಾರಿ ತಪ್ಪಿ ಫಂಗಾಲೋಟೊ ಊರಿನ ದಡಕ್ಕೆ ಬಂದು ಸೇರುತ್ತಿದ್ದವು. ಅಂಥ ಲೂ ಮುಂದಿಟ್ಟಾಗ ಬೇಡವೆಂದವನು ಟೊಂಗಾದಲ್ಲಿ ಇನ್ನೂ ಹುಟ್ಟಿಲ್ಲ. ಅದರಲ್ಲೂ ತಂದವಳು ಸೋದರತ್ತೆ. ನಮ್ಮಲ್ಲಿ ಅಪ್ಪನ ಅಕ್ಕ ಎಂದರೆ ಅಪ್ಪನಿಗೂ ಮೇಲೆ, ಪಾದ್ರಿಗೂ ಮೇಲೆ. ದೇವರಿಗಿಂತ ಒಂದು ಗೇಣು ಕೆಳಗೆ, ಅದೂ ಭಾನುವಾರ ಮಾತ್ರ.

ಆದರೆ ಫೆಲೆಟಿ ತಿನ್ನುವಂತಿರಲಿಲ್ಲ. ಅಂದು ಮಧ್ಯಾಹ್ನ ನುಕುಅಲೋಫಾ ಪಟ್ಟಣದ ಸಭಾಂಗಣದಲ್ಲಿ ದೇಹದಾರ್ಢ್ಯ ಸ್ಪರ್ಧೆ. ಅದೂ ಸೂಜಿ, ಔಷಧ ಯಾವುದನ್ನೂ ಮುಟ್ಟದೆ ಬರೀ ಬೆವರಿನಿಂದ ಮೈ ಬೆಳೆಸಿದವರ ಸ್ಪರ್ಧೆ. ಫೆಲೆಟಿಗೆ ನಲವತ್ತು ದಾಟಿತ್ತು. ಮನೆಮನೆಯ ವಿದ್ಯುತ್ ಮೀಟರ್ ಓದುವುದು ಅವನ ಕೆಲಸ. ಜನ ಅವನು ಬಂದರೆ ಮೀಟರ್ ನೋಡುತ್ತಿದ್ದರು, ಬಿಲ್ ನೋಡುತ್ತಿದ್ದರು, ತಮ್ಮ ನಾಯಿಯನ್ನೂ ನೋಡುತ್ತಿದ್ದರು. ಅವನನ್ನು ನೋಡಿದವರಿಲ್ಲ. ಬದುಕಿನಲ್ಲಿ ಒಂದೇ ಒಂದು ಸಲ ದೀಪದ ಕೆಳಗೆ ನಿಂತು ಜನ ತನ್ನನ್ನು ಕಣ್ಣುತುಂಬ ನೋಡಬೇಕು ಎಂಬುದು ಅವನ ಆಸೆ. ಅದಕ್ಕಾಗಿ ತಿಂಗಳುಗಟ್ಟಲೆ ಬೇಯಿಸಿದ ಕೋಳಿ, ಮೊಟ್ಟೆಯ ಬಿಳಿ ಬಿಟ್ಟರೆ ಬೇರೇನೂ ತಿಂದಿರಲಿಲ್ಲ. ರಾತ್ರಿ ಕನಸಿನಲ್ಲಿ ಬ್ರೆಡ್ಡು ಬಂದು ಅವನ ಹೆಸರು ಹಿಡಿದು ಕೂಗುತ್ತಿತ್ತು.

ಈ ವಿಷಯ ಗೊತ್ತಿದ್ದದ್ದು ಹೆಂಡತಿ ಸೇನಿಗೆ ಮತ್ತು ಅವನಿಗೆ ಕಸರತ್ತು ಕಲಿಸಿದ ಗೆಳೆಯ ಕಿತಿಯೊನೆಗೆ. ಊರಿಗೆ ಹೇಳುವಂತಿರಲಿಲ್ಲ. ಗಂಡಸು ಅಂಗಿಯಿಲ್ಲದೆ ರಸ್ತೆಗಿಳಿದರೆ ಪೊಲೀಸರು ಹಿಡಿಯುವ ದೇಶ ಇದು. ಅಣ್ಣನ ಒಳಚಡ್ಡಿ ಹಗ್ಗದ ಮೇಲೆ ಒಣಗುತ್ತಿದ್ದರೆ ತಂಗಿ ದಾರಿ ಬದಲಿಸಿ ಹೋಗುವ ಊರು. ಅಲ್ಲಿ ಹೋಗಿ "ಅತ್ತೇ, ನಾನು ಅಂಗೈಯಗಲದ ಚಡ್ಡಿ ಹಾಕಿಕೊಂಡು ಸಭೆಯ ಮುಂದೆ ನಿಲ್ತೀನಿ" ಎನ್ನುವುದಕ್ಕಿಂತ ಜ್ವಾಲಾಮುಖಿಗೆ ಹಾರುವುದು ಸುಲಭ.

"ಉಪವಾಸಾನಾ?" ಎಂದಳು ಲುಪೆ ಅತ್ತೆ. ಲುಪೆ ಎಂದರೆ ಪಾರಿವಾಳ. ಹುಟ್ಟಿದ ದಿನ ನೋಡಿ ಇಟ್ಟ ಹೆಸರು ಅದು. ಆಮೇಲೆ ಆಕೆ ಬೆಳೆದ ಪರಿ ನೋಡಿದ್ದರೆ ಹಡಗಿನ ಹೆಸರು ಇಡುತ್ತಿದ್ದರು. ಆಕೆ ಕೆಮ್ಮಿದರೆ ಮರದಿಂದ ತೆಂಗಿನಕಾಯಿ ಉದುರುತ್ತಿತ್ತು. "ನಮ್ಮ ವಂಶದಲ್ಲಿ ಊಟ ಬಿಟ್ಟವರು ಯಾರೂ ಇಲ್ವಲ್ಲೋ! ನಿಮ್ಮಪ್ಪ ಸಾಯೋ ದಿನಾನೂ ಎರಡು ಸಲ ಬಡಿಸ್ಕೊಂಡ. ಯಾತಕ್ಕೆ ಉಪವಾಸ?"

ಇಲ್ಲಿಗಾದರೂ ಫೆಲೆಟಿ ಬಾಯಿ ಮುಚ್ಚಬೇಕಿತ್ತು. ಆದರೆ ಹಸಿದವನ ಬಾಯಿ ಬೀಗವಿಲ್ಲದ ಬಾಗಿಲು. ಅವನ ಕಣ್ಣಿಗೆ ಮೊದಲು ಬಿದ್ದದ್ದು ಅತ್ತೆಯ ಊದಿದ ಮೊಣಕಾಲು. ಅರ್ಧ ಆಯುಷ್ಯದಿಂದ ಆಕೆಯನ್ನು ಕುಂಟಿಸುತ್ತಿದ್ದ ಮೊಣಕಾಲು.

"ನಿಮ್ಮ ಮೊಣಕಾಲಿಗೆ ಅತ್ತೆ. ವಾಸಿ ಆಗ್ಲಿ ಅಂತ."

ಬುಟ್ಟಿ ಕೆಳಗಿಳಿಯಿತು. ಅತ್ತೆ ಅಳತೊಡಗಿದಳು. ಆಕೆ ಅಳುವುದನ್ನು ಫೆಲೆಟಿ ಅಪ್ಪನ ಶವಸಂಸ್ಕಾರದಲ್ಲೂ ನೋಡಿರಲಿಲ್ಲ.

"ಅದಕ್ಕೇನೋ ನೀನು ಇಷ್ಟು ಸೊರಗಿದ್ದು? ನಾನು ಪಾಪಿ, ಈ ಸೇನಿ ಅನ್ನ ಹಾಕಲ್ಲ ಅಂತ ಊರೆಲ್ಲಾ ಹೇಳ್ಕೊಂಡು ಬಂದೆನಲ್ಲೋ! ನಿನ್ನನ್ನ ಸೊಂಟದ ಮೇಲೆ ಹೊತ್ತು ತಿರುಗಿದ ಕಾಲು ಇದು. ಅದರ ಋಣ ತೀರಿಸ್ತಿದ್ದೀಯಾ, ಮಗನೇ!"

ಅಪ್ಪಿಕೊಂಡಳು. ಆ ಅಪ್ಪುಗೆಗೆ ಫೆಲೆಟಿಯ ಪಕ್ಕೆಲುಬುಗಳು ಜಾಗ ಬದಲಿಸಿದವು. ಬಿಟ್ಟಾಗ ಅತ್ತೆಯ ಬಿಳಿ ರವಿಕೆಯ ಮೇಲೆ, ಕೆನ್ನೆಯ ಮೇಲೆ ಕಂದು ಬಣ್ಣ. ದೀಪದ ಬೆಳಕಿನಲ್ಲಿ ಸ್ನಾಯು ಎದ್ದು ಕಾಣಲೆಂದು ಕಿತಿಯೊನೆ ಬೆಳಗ್ಗೆಯೇ ಅವನ ಕತ್ತಿನಿಂದ ಕಾಲಿನವರೆಗೆ ಬಳಿದಿದ್ದ ಬಣ್ಣ ಅದು.

"ಏನೋ ಇದು, ಮೈಗೆ?"

"ಬೂದಿ ಅತ್ತೆ. ಉಪವಾಸದ ಬೂದಿ. ಬೈಬಲ್‌ನಲ್ಲಿ ಇದೆಯಲ್ಲ."

ಬಾಗಿಲ ಹಿಂದೆ ಸೇನಿ ಹಣೆ ಚಚ್ಚಿಕೊಂಡಳು. "ರೀ, ಸಾಕು ಮಾಡ್ರೀ. ನಿಜ ಹೇಳಿಬಿಡಿ."

"ಈಗ ಹೇಳಕ್ಕಾಗುತ್ತೇನೇ? ನೋಡಲ್ಲಿ!"

ನೋಡಿದರೆ ಅತ್ತೆ ಅಂಗಳದಲ್ಲಿ ನಡೆಯುತ್ತಿದ್ದಳು. ಕುಂಟದೆ! ಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ, ಆಮೇಲೆ ಹಂದಿಗಳು ದಿಕ್ಕಾಪಾಲಾಗುವಂತೆ. "ನೋವು ಹೋಯ್ತು! ಕರ್ತನೇ, ನೋವು ಹೋಯ್ತು!" ಎಂಬ ಕೂಗು ಪಕ್ಕದ ದ್ವೀಪಕ್ಕೂ ಕೇಳಿಸಿತು.

ಆಮೇಲೆ ಊರು ಬಂತು. ಒಬ್ಬೊಬ್ಬರಾಗಿ ಬರಲಿಲ್ಲ, ಅಲೆಯಂತೆ ಬಂತು. ಮುಂದೆ ಪಾದ್ರಿ, ಹಿಂದೆ ಹಾಡುವವರು, ಅವರ ಹಿಂದೆ ಹಿತ್ತಾಳೆಯ ಕೊಂಬು ಊದುವ ಚರ್ಚಿನ ಬ್ಯಾಂಡು.

"ಫೆಲೆಟಿ, ನೀನು ಮೀಟರ್ ಓದೋನು ಅಂದ್ಕೊಂಡಿದ್ದೆ ಕಣಯ್ಯಾ," ಎಂದರು ಪಾದ್ರಿ. "ನೀನು ಹೃದಯ ಓದೋನು. ನಾಳೆ ಪೀಠದಿಂದ ನೀನೇ ಸಾಕ್ಷಿ ಹೇಳ್ಬೇಕು."

"ಫೆಲೆಟಿಯಣ್ಣ, ನನ್ನ ಮಗಳ ನ್ಯೂಜಿಲೆಂಡ್ ವೀಸಾಕ್ಕೆ ಒಂದು ಹೊತ್ತು ಊಟ ಬಿಡಣ್ಣಾ."

"ನಮ್ಮ ಊರಿನ ರಗ್ಬಿ ಹುಡುಗರಿಗೆ ಎರಡು ಹೊತ್ತಾದ್ರೂ ಬೇಕು. ಆ ತಂಡಕ್ಕೆ ಒಂದು ಹೊತ್ತು ಸಾಲಲ್ಲ."

"ನನ್ನ ಗಂಡನ ಗೊರಕೆಗೆ ಏನಾದ್ರೂ ಬಿಡ್ತೀಯಾ? ಬರೀ ಟೀ ಬಿಟ್ರೂ ಸಾಕು."

ಒಬ್ಬಳು ಮುದುಕಿ ಅವನ ಮುಂಗೈ ಸವರಿ ಬೂದಿ ತೆಗೆದುಕೊಂಡು ತನ್ನ ಸೊಂಟಕ್ಕೆ ಹಚ್ಚಿಕೊಂಡಳು. ಅದನ್ನು ನೋಡಿ ಉಳಿದವರೂ ಮುಗಿಬಿದ್ದರು. ಯಾರಿಗೆ ಸೊಂಟವೋ, ಯಾರಿಗೆ ತಲೆನೋವೋ, ಎಲ್ಲರೂ ಸವರಿದರು. ಕಿತಿಯೊನೆಯ ವ್ಯಾನು ಬಂದು ನಿಲ್ಲುವ ಹೊತ್ತಿಗೆ ಫೆಲೆಟಿಯ ಎರಡೂ ಕೈ ಸುಲಿದ ಬಾಳೆಹಣ್ಣಿನಂತಾಗಿದ್ದವು.

"ಎಲ್ಲಿಗೆ ಹೊರಟೆ?" ಎಂದಳು ಅತ್ತೆ.

"ಪಟ್ಟಣದ ಸಭಾಂಗಣಕ್ಕೆ. ಉಪವಾಸ ಇರೋರೆಲ್ಲ ಅಲ್ಲಿ ಸೇರ್ತಾರೆ ಅತ್ತೆ. ಹೋಗ್ಲಾ?"

"ಹೋಗು ಮಗನೇ, ಹೋಗು. ದೇವರ ಕೆಲಸ." ಆಕೆ ಅವನ ತಲೆಯ ಮೇಲೆ ಕೈಯಿಟ್ಟಳು. ಆ ಕೈಯ ಭಾರ ಪಟ್ಟಣದವರೆಗೂ ಅವನ ತಲೆಯ ಮೇಲೇ ಇತ್ತು.

"ಲೋ, ಮುಖ ಯಾಕೆ ಹಂಗಿಟ್ಕೊಂಡಿದ್ದೀಯಾ? ಗೆದ್ದೆ ಅಂದ್ಕೋ," ಎಂದ ಕಿತಿಯೊನೆ.

"ಕಾಲು ನಿಜವಾಗ್ಲೂ ವಾಸಿ ಆಗಿದ್ರೆ ಏನೋ ಮಾಡೋದು?"

"ಆಗ್ಲಿ ಬಿಡು, ಒಳ್ಳೇದೇ ಅಲ್ವಾ?"

"ಸುಳ್ಳಿಗೆ ವಾಸಿ ಆಗಿದ್ದು ಎಷ್ಟು ದಿನ ಇರುತ್ತೋ?"

ಸಭಾಂಗಣದಲ್ಲಿ ಕಿತಿಯೊನೆ ಸುಲಿದ ಕೈಗಳಿಗೆ ಮತ್ತೆ ಬಣ್ಣ ಬಳಿದ. ವೇದಿಕೆ ಹತ್ತುವ ಮೊದಲು ಇನ್ನೊಂದೇ ಗಂಡಾಂತರ ಉಳಿದಿತ್ತು, ಸುಳ್ಳು ಹಿಡಿಯುವ ಯಂತ್ರ. ಔಷಧ ಮುಟ್ಟದವರ ಸ್ಪರ್ಧೆಯೆಂದ ಮೇಲೆ ಮುಟ್ಟಿಲ್ಲವೆಂದು ಬಾಯಲ್ಲಿ ಹೇಳಿದರೆ ಸಾಲದು, ಎದೆಗೂ ಬೆರಳಿಗೂ ತಂತಿ ಕಟ್ಟಿಸಿಕೊಂಡು ಹೇಳಬೇಕು. ಆಕ್ಲೆಂಡಿನಿಂದ ಬಂದ ಪರೀಕ್ಷಕ ಇಂಗ್ಲಿಷಿನಲ್ಲಿ ಕೇಳುತ್ತಿದ್ದ. ರೇಡಿಯೋದಲ್ಲಿ ವಾರ್ತೆ ಓದುವ ಒಬ್ಬ ಅದನ್ನು ಟೊಂಗಾ ಮಾತಿಗೆ ತಿರುಗಿಸುತ್ತಿದ್ದ. ವೇದಿಕೆಯ ಘೋಷಣೆಗೂ ಅವನೇ. ಅವನ ಗಂಟಲು ಎಷ್ಟು ಗಂಭೀರವೆಂದರೆ ಅವನು ಹವಾಮಾನ ಓದಿದರೂ ಜನ ಎದ್ದು ನಿಲ್ಲುತ್ತಿದ್ದರು.

ಫೆಲೆಟಿಯ ಮುಂದಿದ್ದವನು ಕತ್ತೇ ಇಲ್ಲದ, ತೊಡೆಯೊಂದೊಂದೂ ಒಂದು ಹಂದಿಯಷ್ಟಿದ್ದ ಮಹಾಶಯ. ಆಕಳಿಸುತ್ತ ಉತ್ತರ ಹೇಳಿದ. ಯಂತ್ರದ ಮುಳ್ಳು ಅಲುಗಲಿಲ್ಲ. ಎದ್ದು ಹೋದ.

ಪರೀಕ್ಷಕ ಫೆಲೆಟಿಯನ್ನು ಕೇಳಿದ್ದು ಸರಳ ಪ್ರಶ್ನೆ. ನಿಷೇಧಿತವಾದದ್ದೇನನ್ನಾದರೂ ಸೇವಿಸಿದ್ದೀಯಾ, ಎಂದು. ಆದರೆ ನಿಷೇಧಿತ ಎಂಬುದಕ್ಕೆ ಟೊಂಗಾ ಮಾತಿನಲ್ಲಿ ಇರುವುದು ತಪು. ಔಷಧಕ್ಕೂ ತಪು, ದೇವರಿಗೆ ಮೀಸಲಾದದ್ದಕ್ಕೂ ತಪು, ಅಪ್ಪನ ತಟ್ಟೆಯಲ್ಲಿ ಉಳಿದದ್ದಕ್ಕೂ ತಪು, ಸೋದರತ್ತೆಗೆ ಮೋಸ ಮಾಡುವುದಕ್ಕಂತೂ ತಪುವಿಗೆ ತಪು. ಒಂದು ಒತ್ತು ಕೊಟ್ಟರೆ ಅದು ಕನ್ನಡದ ತಪ್ಪೇ ಆಗುತ್ತದೆ.

"ಫೆಲೆಟಿ," ಎಂದ ವಾರ್ತೆಯವನು, ಕಡೆಯ ನ್ಯಾಯತೀರ್ಪಿನ ದನಿಯಲ್ಲಿ, "ತಪುವಾದದ್ದಕ್ಕೆ ಕೈ ಹಾಕಿದ್ದೀಯಾ?"

ಅದೇ ಗಳಿಗೆಗೆ ಕಿಟಕಿಯಾಚೆ ಹಿತ್ತಾಳೆಯ ಕೊಂಬುಗಳು ಮೊಳಗಿದವು. ಚರ್ಚಿನ ಲಾರಿ ಹತ್ತಿ ಫಂಗಾಲೋಟೊ ಪೂರ್ತಿ ಬಂದಿತ್ತು. ಬಾಗಿಲ ಮೇಲಿನ ಬಟ್ಟೆಯ ಫಲಕದಲ್ಲಿ "ಶುದ್ಧ ಶರೀರ" ಎಂದು ಬರೆದದ್ದನ್ನು ಓದಿ ಪಾದ್ರಿಗಳು, "ಸರಿಯಾದ ಜಾಗಕ್ಕೇ ಬಂದಿದ್ದೀವಿ. ಒಳಗೆ ಉಪವಾಸ ಇದ್ದೋರು ಮಾತ್ರ. ತಿಂದೋರೆಲ್ಲ ಹುಲ್ಲಿನ ಮೇಲೆ ಕೂತ್ಕೊಳ್ಳಿ," ಎನ್ನುತ್ತಿದ್ದರು. ಊರಿನಲ್ಲಿ ತಿನ್ನದವರು ಯಾರೂ ಇಲ್ಲದ್ದರಿಂದ ಎಲ್ಲರೂ ಕೂತರು. ಕೊಂಬುಗಳ ಮೇಲೆ ತೇಲಿ ಬಂತು ಲುಪೆ ಅತ್ತೆಯ ದನಿ: "ಲಾರಿ ನಾನೇ ಹತ್ತಿದೆ, ನಾನೇ ಇಳಿದೆ! ಎಲ್ಲಾ ನನ್ನ ಫೆಲೆಟಿ!"

"ಇಲ್ಲ," ಎಂದ ಫೆಲೆಟಿ.

ಯಂತ್ರದ ಮುಳ್ಳು ಬಲೆಗೆ ಬಿದ್ದ ಮೀನಿನಂತೆ ಒದ್ದಾಡಿತು. ಕಾಗದದ ಈ ಅಂಚಿಗೆ ಬಡಿದು, ಆ ಅಂಚಿಗೆ ಬಡಿದು, ಕಾಗದ ಸಾಲದೆ ಮೇಜಿನ ಮೇಲೂ ಎರಡು ಗೆರೆ ಎಳೆಯಿತು. ಮತ್ತೆ ಕೇಳಿದರು, ಮತ್ತೆ ಅದೇ. ಪರೀಕ್ಷಕ ತಂತಿ ಬಿಚ್ಚತೊಡಗಿದ.

"ಸಾರ್, ಸಾರ್!" ಕಿತಿಯೊನೆ ನುಗ್ಗಿದ. "ಇವನನ್ನ ಒಂದ್ಸಲ ನೋಡಿ ಸಾರ್. ಇದು ಔಷಧ ತಗೊಂಡಿರೋ ಮೈಯಾ?"

ಪರೀಕ್ಷಕ ಫೆಲೆಟಿಯನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದ. ವಾರ್ತೆಯವನು ನಿಷ್ಠೆಯಿಂದ ತಿರುಗಿಸಿದ: "ತಗೊಂಡೂ ಇಷ್ಟೇನಾ ಅಂತ ಅವರಿಗೂ ಆಶ್ಚರ್ಯವಂತೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕತ್ತಿಲ್ಲದ ಮಹಾಶಯ ಎಲ್ಲರಿಗಿಂತ ಜೋರಾಗಿ ನಕ್ಕ.

ಫೆಲೆಟಿ ಅಂಗಿ ತೊಟ್ಟು, ಪಂಚೆ ಸುತ್ತಿ, ನಮ್ಮವರು ಮರ್ಯಾದೆಗೆಂದು ಸೊಂಟಕ್ಕೆ ಸುತ್ತುವ ಚಾಪೆ ಬಿಗಿದುಕೊಂಡು ಹಿಂಬಾಗಿಲಿಂದ ಹೊರಬಿದ್ದ. ಹಿಂಬಾಗಿಲು ತೆರೆದದ್ದು ನೇರ ಹುಲ್ಲಿನ ಮೇಲೆ. ಅಲ್ಲಿ ಅತ್ತೆ ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದಳು. ಪಕ್ಕದಲ್ಲಿ ಸೇನಿ, ಮುಖದಲ್ಲಿ ರಕ್ತವಿಲ್ಲದೆ. ಅತ್ತೆ ಅವನನ್ನು ಕಂಡು ಎರಡು ಕೈ ಚಾಚಿದಳು. ಆಗ ಧ್ವನಿವರ್ಧಕ ಗುಡುಗಿತು.

"ಫಂಗಾಲೋಟೊ ಗ್ರಾಮದ ಫೆಲೆಟಿ ಅವರು ತಪುವಾದದ್ದನ್ನು ಸೇವಿಸಿರುವುದು ಯಂತ್ರದಿಂದ ಸಾಬೀತಾಗಿದೆ. ಆದ್ದರಿಂದ ಶುದ್ಧ ಶರೀರದವರ ಸಾಲಿನಿಂದ ಅವರನ್ನು ಹೊರಗಿಡಲಾಗಿದೆ."

ದೊಡ್ಡ ಕೊಂಬು ಊದುತ್ತಿದ್ದವನ ಉಸಿರು ಅರ್ಧಕ್ಕೇ ನಿಂತು, ಕೊಂಬು ಎಮ್ಮೆಯಂತೆ ನರಳಿತು.

"ತಿಂದ್ಯಾ?" ಎಂದಳು ಅತ್ತೆ.

ಇಲ್ಲ ಎನ್ನಬಹುದಿತ್ತು. ಅಷ್ಟು ಜನರಲ್ಲಿ ಬೆಳಗಿಂದ ಒಂದು ಹನಿ ನೀರೂ ಕುಡಿಯದವನು ಅವನೊಬ್ಬನೇ. ಆದರೆ ಇಲ್ಲ ಎಂದರೆ ಯಂತ್ರ ಯಾವುದು ಎನ್ನುತ್ತಾರೆ, ಸಭೆ ಯಾವುದು ಎನ್ನುತ್ತಾರೆ, ಚಾಪೆಯ ಕೆಳಗೇನಿದೆ ಎನ್ನುತ್ತಾರೆ. ಫೆಲೆಟಿಯ ನಿಜವೆಲ್ಲ ಆ ಅಂಗೈಯಗಲದ ಚಡ್ಡಿಯಲ್ಲಿತ್ತು. ಅದನ್ನು ಹೇಳಬೇಕೆಂದರೆ ಬಿಚ್ಚಬೇಕಿತ್ತು.

"ತಿಂದೆ ಅತ್ತೆ."

ಅತ್ತೆಯ ಕಾಲು ಕುಸಿಯಿತು. ಇಬ್ಬರು ಹೆಂಗಸರು ಹಿಡಿದುಕೊಂಡರು. "ಬಂತು... ಬಂತು ನೋಡಿ ನೋವು. ಮೊದಲಿಗಿಂತ ಜಾಸ್ತಿ." ಸೊಂಟಕ್ಕೆ ಬೂದಿ ಬಳಿದುಕೊಂಡ ಮುದುಕಿಯೂ ಸೊಂಟ ಹಿಡಿದು ಕೂತಳು. ವೀಸಾ ಕೇಳಿದವಳು ಮುಖ ತಿರುಗಿಸಿದಳು.

ಅತ್ತೆ ಹುಲ್ಲಿನ ಮೇಲೆ ಕೂತು ಮೊಣಕಾಲು ನೀವಿಕೊಂಡಳು. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡು. ಹಸಿವು ಯಾರಪ್ಪನ ಮಾತೂ ಕೇಳಲ್ಲ. ನನ್ನ ಕಾಲು ಹೆಂಗೂ ಹಳೇದು," ಎಂದಳು.

ಫೆಲೆಟಿಗೆ ಹೋದ ಜೀವ ಬಂದಂತಾಯಿತು. ಆ ಒಂದು ಗಳಿಗೆಯಲ್ಲಿ ಅವಳ ಕಾಲಿಗೆ ಬಿದ್ದು ಎಲ್ಲವನ್ನೂ ಹೇಳಿಬಿಡೋಣ ಅನ್ನಿಸಿತು. ಬಾಯಿ ತೆರೆದ ಕೂಡ.

"ಏನು ತಿಂದೆ?" ಎಂದಳು ಅತ್ತೆ ಅಷ್ಟರಲ್ಲಿ.

ಬೆಳಗ್ಗೆಯಿಂದ ಮೂಗಿನಲ್ಲೇ ಉಳಿದಿದ್ದ ಪರಿಮಳ ಬಾಯಿಗೆ ಬಂತು. "ಲೂ."

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರು ಮಾಡಿದ್ದು?" ಅತ್ತೆಯ ದನಿ ಈಗ ಬೇರೆಯಾಗಿತ್ತು.

ಯಾರ ಹೆಸರು ಹೇಳಿದರೂ ಮೂರು ತಲೆಮಾರಿನ ಯುದ್ಧ. ಯಾರಿಗೂ ಕೇಡಾಗದ ಉತ್ತರಕ್ಕಾಗಿ ಫೆಲೆಟಿ ಹುಡುಕಿದ. ಸಿಕ್ಕಿತು ಎಂದುಕೊಂಡ.

"ಯಾರೂ ಅಲ್ಲ ಅತ್ತೆ. ಅಂಗಡೀದು."

ಊರಿಗೆ ಊರೇ ಉಸಿರು ಒಳಗೆಳೆದುಕೊಂಡಿತು. ಪಾದ್ರಿಗಳು ಟೋಪಿ ತೆಗೆದರು.

"ಅಂಗಡೀದು," ಎಂದಳು ಅತ್ತೆ. ಕೂಗಲಿಲ್ಲ. ಅವಳು ಕೂಗಿದ್ದರೆ ಚೆನ್ನಾಗಿತ್ತು. "ನಾನು ಕೋಳಿ ಕೂಗೋಕೆ ಮುಂಚೆ ಎದ್ದು, ಈ ಕಾಲಲ್ಲಿ ಕೂತು ಬೆಂಕಿ ಹಾಕಿದ್ದು... ಸೇನಿ, ಕೈ ಕೊಡೇ. ಮನೆಗೆ ಹೋಗೋಣ."

ಲಾರಿಗೆ ಅವಳನ್ನು ನಾಲ್ಕು ಜನ ಎತ್ತಿ ಹತ್ತಿಸಿದರು. ಒಳಗೆ ಸಭಾಂಗಣದಲ್ಲಿ ದೀಪ ಹತ್ತಿತು, ಸಂಗೀತ ಶುರುವಾಯಿತು, ಕತ್ತಿಲ್ಲದ ಮಹಾಶಯನಿಗೆ ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಹೊರಗೆ ಲಾರಿ ಹೊರಟಿತು. ಪಾದ್ರಿಗಳು, ಬ್ಯಾಂಡಿನವರು, ಮುದುಕಿಯರು, ಫಂಗಾಲೋಟೊದ ಒಂದೊಂದು ತಲೆಯೂ ಲಾರಿಯ ಹಿಂಭಾಗದಿಂದ ಕಣ್ಣು ಮಿಟುಕಿಸದೆ ಫೆಲೆಟಿಯನ್ನೇ ನೋಡುತ್ತ, ನೋಡುತ್ತ, ತಿರುವಿನಲ್ಲಿ ಮರೆಯಾದವು.

ಅತ್ತೆ ಮಾತ್ರ ನೋಡಲಿಲ್ಲ.